ಎಡಕ್ಕೆ ಸುತ್ತಿದ ಮೂಡೆ

ನಾಯ್ಮಾರ್ಮೂಲೆ
೧೦ ಸೆಪ್ಟೆಂಬರ್ ೨೦೨೩

ಶಾರ್ಜಾ ಪಟ್ಟಣದ ಅಂಗಡಿ ಅಂಗಡಿಗೆ ಕುಬ್ಬೂಸು ರೊಟ್ಟಿ ಹಂಚುವ ಬೇಕರಿ ವ್ಯಾನಿನ ಏಕಮಾತ್ರ ಸಾರಥಿಯೂ, ನನ್ನ ಏಕಮಾತ್ರ ಗಂಡನೂ ಆದ ಶ್ರೀ ಅಶ್ವಿತ್ ಇವರ ಸನ್ನಿಧಾನಕ್ಕೆ ರಶ್ಮಿತಾ ಮಾಡುವ ವಿಜ್ಞಾಪನೆ.

ಈ ಪತ್ರವನ್ನು ಎದ್ದು ನಿಂತು ಓದತಕ್ಕದ್ದು. ಕೋಣೆಯಲ್ಲಿರುವ ಉಳಿದ ಏಳು ಮಂದಿಯೂ ನಿಲ್ಲತಕ್ಕದ್ದು.

ನಿಂತದ್ದಾಯಿತಾ? ಸರಿ. ನಾಲ್ಕು ದಿನದ ಹಿಂದೆ, ಅಷ್ಟಮಿಯಂದು, ನಾಯ್ಮಾರ್ಮೂಲೆ ಜಂಕ್ಷನ್ನಿನ ತರಕಾರಿ ಅಂಗಡಿಯ ಜಗಲಿಯಲ್ಲಿ, ಒಂದು ಕಡ್ಡಿ ಮುರಿದ ಕೊಡೆಯ ಕೆಳಗೆ, ನಮ್ಮ ಕಂಪನಿ ಉದ್ಘಾಟನೆಗೊಂಡಿತು. ದೀಪ ಹಚ್ಚಲು ಗಾಳಿ ಬಿಡಲಿಲ್ಲ. ಭಾಷಣವನ್ನು ನಾನೇ ಮನಸ್ಸಿನಲ್ಲಿ ಮಾಡಿಕೊಂಡೆ. ದೀರ್ಘವಾಯಿತೆಂದು ನಾನೇ ಬೇಸರಿಸಿಕೊಂಡೆ.

ಮಾಲು ಎಂತದ್ದು ಎಂದರೆ, ಮೂಡೆ. ಹಿಟ್ಟು ಹೊಯ್ದು ಬೇಯಿಸಿದ್ದಲ್ಲ, ಖಾಲಿ ಮೂಡೆ. ಎಡನೀರಿನಲ್ಲಿ ನನ್ನ ಅಮ್ಮನ ಮನೆಯ ನೀರು ಹರಿಯುವ ತೋಡಿನ ಬದಿಗೆ, ಕೇದಗೆ ಜಾತಿಯ ಮುಂಡೇವಿನ ಪೊದೆ ಯಾರಿಗೂ ಬೇಡದೆ ಬೆಳೆದಿದೆಯಲ್ಲ, ಅದರ ಎಲೆ. ಮುಳ್ಳು ಕೆತ್ತಿ, ಬೆಂಕಿಗೆ ಹಿಡಿದು ಬಾಡಿಸಿ, ಗೇಣುದ್ದದ ಕೊಳವೆಯ ಹಾಗೆ ಸುತ್ತಿ, ಕಡ್ಡಿ ಚುಚ್ಚಿದರೆ ಮುಗಿಯಿತು. ಅಷ್ಟಮಿಗೆ ಮೂಡೆಯಲ್ಲಿ ಬೇಯಿಸಿದ ಕಡುಬು ಎಲ್ಲರಿಗೂ ಬೇಕು, ಸುತ್ತಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಅರ್ಧ ಜನಕ್ಕೆ ಬರುವುದೂ ಇಲ್ಲ. ನಲ್ವತ್ತಮೂರು ಕೊಂಡುಹೋದೆ, ಹತ್ತೂವರೆಗೆ ಬುಟ್ಟಿ ಖಾಲಿ.

ಬಂಡವಾಳ ಅತ್ತೆಯ ಕತ್ತಿ. ಕಡ್ಡಿಗಳನ್ನು ಅತ್ತೆಯ ಕಸ ಗುಡಿಸುವ ಹಿಡಿಸೂಡಿಯಿಂದ ಕಂಡೂಕಾಣದ ಹಾಗೆ ಎಳೆಯುತ್ತಿದ್ದೇನೆ. ಅದು ದಿನೇದಿನೇ ಸೊರಗುವುದು ಯಾಕೆಂದು ನಿನ್ನೆ ಅವರು ಬೆಕ್ಕನ್ನು ವಿಚಾರಿಸಿದರು. ಇನ್ನೊಂದು ಆಕ್ಷೇಪವನ್ನೂ ಎತ್ತಿದ್ದಾರೆ. ಊರಿನವರೆಲ್ಲ ಮೂಡೆಯನ್ನು ಬಲಕ್ಕೆ ಸುತ್ತಿದರೆ, ನಾನು ಎಡಗೈಯವಳು ಎಡಕ್ಕೆ ಸುತ್ತುತ್ತೇನಂತೆ. “ಕೃಷ್ಣನಿಗೆ ತಲೆ ತಿರುಗೀತು” ಅಂದರು. ಕೊಂಡವರು ಯಾರೂ ತಲೆ ತಿರುಗಿ ಬಿದ್ದ ವರದಿ ಈವರೆಗೆ ಬಂದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಮ್ಮ ಶುಕ್ರವಾರದ ಫೋನು ನಿಮಗೆ ಗೊತ್ತುಂಟು. ಇಲ್ಲಿ ಅತ್ತೆ ಸ್ಪೀಕರ್ ಹಾಕಿ ಕೂರುತ್ತಾರೆ, ಅಲ್ಲಿ ಏಳು ಮಂದಿ ಕಿವಿ ಇಟ್ಟು ಕೂರುತ್ತಾರೆ. ಊಟ ಆಯಿತಾ, ಆಯಿತು, ಮತ್ತೆ, ಮತ್ತೆ ಎಂತ ಇಲ್ಲ. ವಾಟ್ಸಾಪಿನಲ್ಲಿ ಬರೆದರೆ ನೀವು ಹೆಬ್ಬೆರಳು ತೋರಿಸಿ ಮುಗಿಸುತ್ತೀರಿ. ಹಾಗಾಗಿ ಅತ್ತರು ವ್ಯಾಪಾರಕ್ಕೆ ಶಾರ್ಜಾಕ್ಕೂ ಊರಿಗೂ ಓಡಾಡುವ ಕುಂಞಣ್ಣನ ಪೆಟ್ಟಿಗೆಯಲ್ಲಿ, ಯಾರದೋ ಮನೆಯ ಉಪ್ಪಿನಕಾಯಿ, ಯಾರದೋ ಮನೆಯ ಹಪ್ಪಳದ ನಡುವೆ, ಚೌತಿಗೆಂದು ಹನ್ನೆರಡು ಮೂಡೆ ಕಳಿಸಿದ್ದೇನೆ. ಅದರಲ್ಲೊಂದರ ಹೊಟ್ಟೆಯಲ್ಲಿ ಈ ಪತ್ರ.

ಇನ್ನು ಕೂರಬಹುದು. ಕೊನೆಯದು ನಿಮಗೊಬ್ಬರಿಗೆ. ನಲ್ವತ್ತು ದಿನದ ಸಂಸಾರ ಮುಗಿಸಿ ವಿಮಾನ ಹತ್ತುವಾಗ ನೀವು ಹೇಳಿದ್ದು, “ಊರಿನಲ್ಲಿ ಒಂದು ದಾರಿ ಆದರೆ ನಾನು ಅಲ್ಲಿ ಎಂತಕ್ಕೆ ಕೂರುವುದು ಮಾರಾಯ್ತಿ?” ನಿಮ್ಮ ಕರಾರು ಮುಗಿಯುವುದು ೨೦೨೫ರ ಆಗಸ್ಟಿಗೆ. ಕಂಪನಿಗೆ ಎರಡು ವರ್ಷ ಸಮಯ ಉಂಟು. ಇದು ಕಂಪನಿಯ ಏಕೈಕ ಧ್ಯೇಯೋದ್ದೇಶ. ಮೂಡೆ ಒಂದು ನೆಪ.

ಇತಿ,
ರಶ್ಮಿತಾ
(ಮೇನೇಜಿಂಗ್ ಡೈರೆಕ್ಟರ್, ಎಲೆ ಕೊಯ್ಯುವವಳು, ಬುಟ್ಟಿ ಹೊರುವವಳು)


ಶಾರ್ಜಾ
೪ ಅಕ್ಟೋಬರ್ ೨೦೨೩

ರಶ್ಮಿ,

ನಿಂತು ಓದಿದೆ. ಎಲ್ಲರೂ ನಿಂತರು. ಜನಾರ್ದನಣ್ಣನಿಗೆ ಮಂಡಿನೋವು. ಅವರಿಗೆ ಮಂಚದ ಮೇಲೆ ಕೂತೇ ಕೇಳಲು ಅನುಮತಿ ಕೊಟ್ಟೆ. ‘ಇನ್ನು ಕೂರಬಹುದು’ ಎಂದು ಬಂದಾಗ ನಾನು ಕಾಗದ ಮಡಚಿ ಹೊರಗೆ ಹೋದೆ. ಹಿಂದಿನಿಂದ ಶಿಳ್ಳೆ ಹೊಡೆದರು.

ಚೌತಿಗೆ ಅನ್ನದ ಕುಕ್ಕರಿನಲ್ಲಿ ಮೂರುಮೂರಾಗಿ ನಿಲ್ಲಿಸಿ ಬೇಯಿಸಿದೆವು. ಆವಿ ಏಳುವಾಗ ಎಲ್ಲರೂ ಕುಕ್ಕರಿನ ಸುತ್ತ ಬಂದು ಕೂತರು. ಜನಾರ್ದನಣ್ಣ ಗೋಡೆ ನೋಡಿಕೊಂಡು ತಿಂದರು. ಪತ್ರ ಇದ್ದ ಮೂಡೆಯನ್ನು ನಾನು ಬೇಯಿಸಲಿಲ್ಲ. ವ್ಯಾನಿನಲ್ಲಿ ಕನ್ನಡಿಯ ಹತ್ತಿರ ಇಟ್ಟಿದ್ದೇನೆ. ಬಿಸಿಲಿಗೆ ಒಣಗಿದೆ, ಆದರೂ ಪರಿಮಳ ಉಂಟು.

ನಿನ್ನ ಕೆಲಸ ತಮಾಷೆಯದ್ದಲ್ಲ, ನನಗೆ ಗೊತ್ತಾಯಿತು. ಹಾಗಾದರೆ ಸರಿಯಾಗಿ ಮಾಡು. ಬೋರ್ಡು ಬೇಕು. ಹೆಸರು ಅಚ್ಚಾದ ಚೀಟಿ ಬೇಕು. ಜಂಕ್ಷನ್ನಿನಲ್ಲಿ ಒಂದು ಕೋಣೆ ಹಿಡಿಯುವ. ಜಗಲಿಯಲ್ಲಿ ಕೂತರೆ ಜನ ಎಂತ ಹೇಳುತ್ತಾರೆ? ನಾನು ಕಳಿಸುತ್ತೇನೆ.

ನಾನು ಬಂದು ಅಲ್ಲಿ ಎಂತ ಮಾಡುವುದು ಅಂತ ಜನಾರ್ದನಣ್ಣ ಕೇಳಿದರು. ಎಲೆ ಸುತ್ತಲು ನನಗೆ ಬರುವುದಿಲ್ಲವಲ್ಲ. ಎಲ್ಲರೂ ನಗಾಡಿದರು.

ಅಮ್ಮನ ಹಿಡಿಸೂಡಿಗೆ ನನ್ನ ಸಂತಾಪ.

ಅಶ್ವಿತ್


ನಾಯ್ಮಾರ್ಮೂಲೆ
೨೮ ಜನವರಿ ೨೦೨೪

ಸಾರಥಿಗಳ ಸನ್ನಿಧಾನಕ್ಕೆ ಕಂಪನಿಯ ಎರಡನೆಯ ವರದಿ. ಎದ್ದು ನಿಲ್ಲಿರಿ. ಜನಾರ್ದನಣ್ಣನವರ ಮಂಡಿಗೆ ಶಾಶ್ವತ ವಿನಾಯಿತಿ ಮಂಜೂರಾಗಿದೆ.

ಮೊದಲಿಗೆ ಒಂದು ಮರಣವಾರ್ತೆ. ಹಿಡಿಸೂಡಿ ಡಿಸೆಂಬರಿನಲ್ಲಿ ತೀರಿಕೊಂಡಿತು. ಹಿಡಿಯಲ್ಲಿ ಒಂಬತ್ತು ಕಡ್ಡಿ ಉಳಿದಿದ್ದಾಗ ನಾನು ತಪ್ಪೊಪ್ಪಿಕೊಂಡೆ. ಹೊಸದೊಂದು ಕೊಂಡು ಅತ್ತೆಯ ಕೈಗಿತ್ತು ಕಾಲಿಗೆ ಬಿದ್ದೆ. ಕಂಪನಿಯ ಮೊದಲ ಖರ್ಚು ಅದು. ಈಗ ಅವರೇ ತೆಂಗಿನ ಗರಿಯಿಂದ ಕಡ್ಡಿ ಸೀಳಿ ಕೊಡುತ್ತಾರೆ, ಅಂದರೆ ಕಂಪನಿ ಶತ್ರುವನ್ನು ಉದ್ಯೋಗಿ ಮಾಡಿಕೊಂಡಿತು.

ಕಾಸರಗೋಡು ಪೇಟೆಯ ಒಂದು ಹೋಟೆಲಿನವರು ಆದಿತ್ಯವಾರಕ್ಕೆ ಮೂವತ್ತು ಮೂಡೆ ಕೇಳಿದ್ದಾರೆ. ಅವರು ಫೋನು ಮಾಡಿದಾಗ ನಾನು ಎಡನೀರಿನ ತೋಡಿನಲ್ಲಿ ಮೊಣಕಾಲುದ್ದ ನೀರಿನಲ್ಲಿದ್ದೆ. ಇಲ್ಲಿ ಅತ್ತೆ ಫೋನೆತ್ತಿ, ನಾನು ಕಲಿಸಿದ ಹಾಗೆಯೇ ಗಂಭೀರವಾಗಿ, “ಮೇನೇಜರು ಮೀಟಿಂಗಿನಲ್ಲಿದ್ದಾರೆ” ಅಂದರಂತೆ. ಯಾರೊಡನೆ ಮೀಟಿಂಗು ಎಂದು ಅವರು ಕೇಳಲಿಲ್ಲ. ಕಪ್ಪೆಗಳೊಡನೆ.

ನಿಮ್ಮ ಸಲಹೆಗಳನ್ನು ಆಡಳಿತ ಮಂಡಳಿ (ನಾನು) ಕೂಲಂಕಷವಾಗಿ ಪರಿಶೀಲಿಸಿತು. ಬೋರ್ಡು ಬೇಡ, ಬುಟ್ಟಿ ನೋಡಿದರೆ ಜನಕ್ಕೆ ಗೊತ್ತಾಗುತ್ತದೆ. ಚೀಟಿ ಅಂಟಿಸಿದರೆ ಹಬೆಯಲ್ಲಿ ಬೇಯುತ್ತದೆ. ಕೋಣೆಯೂ ಬೇಡ. ಜಗಲಿಗೆ ಅಂಗಡಿಯವರಿಗೆ ವಾರಕ್ಕೆ ನಾಲ್ಕು ಮೂಡೆ ಕೊಡುತ್ತೇನೆ, ಅವರ ಹೆಂಡತಿಗೆ ಸುತ್ತುವ ಕಷ್ಟ ತಪ್ಪಿತು. ನಮ್ಮ ನಿಯಮ ಒಂದೇ. ಒಂದು ವಸ್ತು ಇಲ್ಲದೆ ಕೈ ನೋಯಲು ಶುರುವಾಗುವವರೆಗೆ ಅದನ್ನು ಕೊಳ್ಳುವುದಿಲ್ಲ. ಮುಳ್ಳು ಕೆತ್ತಲು ಎರಡನೆಯ ಕತ್ತಿಯನ್ನು ನಾಲ್ಕು ತಿಂಗಳು ಕೈ ನೋಯಿಸಿಕೊಂಡ ಮೇಲೆ ಕೊಂಡೆ.

ಹೀಗೆ ಹೋದರೆ ಆಗುತ್ತದೆ. ನಿಧಾನವಾಗಿ, ಆದರೆ ಆಗುತ್ತದೆ. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿಲ್ಲ. ಗೋಡೆಯಲ್ಲಿ ಹಾಕುತ್ತಿದ್ದೇನೆ, ಕ್ಯಾಲೆಂಡರು ವರ್ಷಕ್ಕೊಮ್ಮೆ ಬದಲಾಗುತ್ತದೆ ನೋಡಿ.

ಮೇ. ಡೈ.


ಶಾರ್ಜಾ
೨೦ ಮಾರ್ಚ್ ೨೦೨೪

ರಶ್ಮಿ,

ನಿನ್ನ ಪತ್ರ ಓದಿ ಖುಷಿಯಾಯಿತು. ಮೂವತ್ತು ಮೂಡೆ ಅಂದರೆ ಸಣ್ಣದಲ್ಲ. ನಾನೂ ದಿನಾ ಅಂಗಡಿಗಳಿಗೆ ಹೋಗುವವನು, ವ್ಯಾಪಾರ ಹೇಗೆ ಬೆಳೆಯುತ್ತದೆಂದು ಕಾಣುತ್ತೇನೆ. ಒಳ್ಳೆಯ ವ್ಯಾಪಾರಕ್ಕೆ ಬಂಡವಾಳ ಹಾಕದಿದ್ದರೆ ಬೇರೆಯವರು ಹಾಕುತ್ತಾರೆ. ಎಲೆ ಕೆತ್ತುವ ಮಿಷನ್ ಏನಾದರೂ ಉಂಟಾ ಎಂದು ವಿಚಾರಿಸುತ್ತಿದ್ದೇನೆ. ದೊಡ್ಡ ಫ್ರಿಜ್ಜು ಇದ್ದರೆ ಎಲೆ ವಾರಗಟ್ಟಲೆ ಹಸಿರಾಗಿ ಇರುತ್ತದೆ. ಕೋಣೆಯ ಮಾತು ನೀನು ನಗೆಯಲ್ಲಿ ಬಿಟ್ಟೆ, ನಾನು ಬಿಟ್ಟಿಲ್ಲ.

ಕರಾರು ಮುಗಿದ ಮೇಲೆ ಇನ್ನೆರಡು ವರ್ಷ ಮುಂದುವರಿಸಿದರೆ ಇದಕ್ಕೆಲ್ಲ ಆಗುತ್ತದೆ. ಧಣಿಯ ಹತ್ತಿರ ಸುಮ್ಮನೆ ಮಾತು ಹಾಕಿ ನೋಡಿದೆ, ಆಗಬಹುದು ಅಂದ. ನಿನ್ನ ಕಂಪನಿ ಇಷ್ಟು ಚೆನ್ನಾಗಿ ಎದ್ದಿರುವಾಗ ನಾನು ಬರಿಗೈಯಲ್ಲಿ ಬಂದು ಕೂರುವುದು ಸರಿಯಾ? ಎರಡು ವರ್ಷ ಎಂತ ಮಹಾ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗುತ್ತದೆ.

ನಿನಗೆ ಸಂತೋಷ ಆಗುತ್ತದೆಂದು ಬರೆದೆ.

ಅಶ್ವಿತ್


ನಾಯ್ಮಾರ್ಮೂಲೆ
೧೮ ಆಗಸ್ಟ್ ೨೦೨೪

ಇವರಿಗೆ,

ಈ ಸಲ ನಿಲ್ಲುವುದು ಬೇಡ. ಕೂತೇ ಓದಿ.

ಐದು ತಿಂಗಳು ಬರೆಯಲಾಗಲಿಲ್ಲ. ಎರಡು ಸಲ ಕುಂಞಣ್ಣ ಮನೆಗೆ ಬಂದು ಕೇಳಿದರು, ಕೊಡಲು ಏನೂ ಇಲ್ಲ ಎಂದೆ.

ಇಲ್ಲಿ ಎಲ್ಲರೂ ಸೌಖ್ಯ. ವ್ಯಾಪಾರ ಸಣ್ಣದಾಗಿ ಉಂಟು. ಹಬ್ಬಕ್ಕೆ ನಲ್ವತ್ತು, ಐವತ್ತು. ಅಷ್ಟೆ. ಹೋಟೆಲಿನದ್ದು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೋಣೆ, ಮಿಷನ್, ಫ್ರಿಜ್ಜು ಯಾವುದಕ್ಕೂ ಇಲ್ಲಿ ಅಗತ್ಯ ಕಾಣುವುದಿಲ್ಲ. ಅದಕ್ಕಾಗಿ ನೀವು ಅಲ್ಲಿ ಕೂರಬೇಕಾಗಿಲ್ಲ.

ಅಷ್ಟಮಿಗೆ ಹದಿನಾರು ಮೂಡೆ ಇಟ್ಟಿದ್ದೇನೆ.

ರಶ್ಮಿತಾ


ಶಾರ್ಜಾ
೧೫ ಸೆಪ್ಟೆಂಬರ್ ೨೦೨೪

ರಶ್ಮಿ,

ನಿನ್ನ ಪತ್ರ ಬಂದಾಗ ಎಲ್ಲರೂ ತಾವಾಗಿಯೇ ಎದ್ದು ನಿಂತಿದ್ದರು. ಕೂರಲು ಹೇಳಿದ್ದಾಳೆ ಅಂದೆ. ಜನಾರ್ದನಣ್ಣ, “ಅವಳಿಗೆ ಎಂತಾಯಿತು ಮಾರಾಯ?” ಅಂದರು. ಆಮೇಲೆ ಯೋಚನೆ ಮಾಡಿದೆ. ವ್ಯಾಪಾರ ಬಿದ್ದುಹೋದ ಬೇಜಾರು.

ಬೇಸರಿಸಬೇಡ. ಆಗುತ್ತದೆ, ಹೋಗುತ್ತದೆ. ನೀನು ಪ್ರಯತ್ನ ಮಾಡಿದೆಯಲ್ಲ, ನನಗೆ ಅದೇ ದೊಡ್ಡದು. ಊರಿನಲ್ಲಿ ದಾರಿ ಆಗಲಿಲ್ಲವೆಂದು ನಿನ್ನ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ. ನಾನು ಇದ್ದೇನಲ್ಲ. ಇಲ್ಲಿ ಎಷ್ಟು ವರ್ಷ ಬೇಕಾದರೂ ಇರುತ್ತೇನೆ. ನಿನ್ನ ಮೂಡೆ ನಡೆಯದಿದ್ದರೂ ನನ್ನ ವ್ಯಾನು ನಡೆಯುತ್ತದೆ.

ಹದಿನಾರರಲ್ಲಿ ಹದಿನೈದು ಬೇಯಿಸಿದೆವು. ಕನ್ನಡಿಯ ಹತ್ತಿರ ಈಗ ಎರಡಾಯಿತು.

ಅಶ್ವಿತ್


ನಾಯ್ಮಾರ್ಮೂಲೆ
೮ ಏಪ್ರಿಲ್ ೨೦೨೫

ಇವರಿಗೆ,

ನಿಮ್ಮ ಪತ್ರ ಬಂದು ಏಳು ತಿಂಗಳಾಗುತ್ತಾ ಬಂತು. ಓದಿ ಪೆಟ್ಟಿಗೆಯಲ್ಲಿಟ್ಟೆ. ಉತ್ತರ ಬರೆಯಲು ನಾಲ್ಕು ಸಲ ಕೂತೆ. ನಾಲ್ಕೂ ಕಾಗದ ಮುಂಡೇವು ಬಾಡಿಸುವ ಬೆಂಕಿಗೆ ಹೋಯಿತು. ಕಂಪನಿಯ ಉರುವಲಿನ ಖರ್ಚು ಅಷ್ಟು ಕಡಿಮೆಯಾಯಿತೆಂದು ತಿಳಿಯಿರಿ.

ಹೊಸ ವರ್ಷದ ಬಿಸು ಹಬ್ಬಕ್ಕೆ ಮೂಡೆಯೇ ಆಗಬೇಕೆಂದು ಎಲ್ಲಿಯೂ ಇಲ್ಲ. ಆದರೂ ಎಂಟು ಗಂಡಸರು ಆಸೆಪಟ್ಟು, ಪಕ್ಕದ ಕೋಣೆಯವರನ್ನೂ ಸೇರಿಸಿಕೊಂಡು ಅರವತ್ತು ಕೇಳಿ ಕಳಿಸಿದರೆ ಇಲ್ಲ ಎನ್ನಲಾಗುತ್ತದಾ? ಅರವತ್ತು ಇಟ್ಟಿದ್ದೇನೆ. ಹೇಗೂ ಕೆಲಸ ಇಲ್ಲ, ಕೂತು ಸುತ್ತಿದೆ.

ಅತ್ತೆ ಸೌಖ್ಯ. ಗೋಡೆ ಸೌಖ್ಯ. ಗುರುತು ಹಾಕುವುದನ್ನು ನಿಲ್ಲಿಸಿಲ್ಲ, ಯಾವುದಕ್ಕೆ ಹಾಕುತ್ತಿದ್ದೇನೆಂದು ಮಾತ್ರ ನನಗೀಗ ಸರಿಯಾಗಿ ಗೊತ್ತಿಲ್ಲ.

ಮತ್ತೆ ಎಂತ ಇಲ್ಲ.

ರಶ್ಮಿತಾ


ಶಾರ್ಜಾ
೯ ಮೇ ೨೦೨೫

ರಶ್ಮಿ,

ಒಂದು ಮಾತು ಕೇಳುತ್ತೇನೆ. ತಮಾಷೆ ಮಾಡದೆ ಹೇಳು.

ಬಿಸುವಿನ ದಿನ ಮೂಡೆ ಕುಕ್ಕರಿಗೆ ಇಡುವಾಗ ಏನೋ ಸರಿ ಇಲ್ಲ ಅನಿಸಿತು. ಎಂತ ಅಂತ ಗೊತ್ತಾಗಲಿಲ್ಲ. ವ್ಯಾನಿಗೆ ಹೋಗಿ ಕನ್ನಡಿಯ ಹತ್ತಿರ ಇದ್ದ ಹಳೆಯ ಎರಡನ್ನು ತಂದು ಪಕ್ಕದಲ್ಲಿಟ್ಟೆ. ನಿನ್ನದು ಎಡಕ್ಕೆ ಸುತ್ತು. ಈ ಸಲ ಬಂದದ್ದು ಬಲಕ್ಕೆ. ಅರವತ್ತನ್ನೂ ನೆಲದಲ್ಲಿ ಸಾಲಾಗಿ ನಿಲ್ಲಿಸಿ ನೋಡಿದೆ. ಐವತ್ತೊಂಬತ್ತು ಬಲಕ್ಕೆ. ಪತ್ರ ಇದ್ದದ್ದು ಒಂದು ಮಾತ್ರ ಎಡಕ್ಕೆ. ಅದೂ ಮೊದಲಿನಷ್ಟು ಬಿಗಿ ಇಲ್ಲ.

ನಿನ್ನ ಎಡಗೈಗೆ ಎಂತ ಆಗಿದೆ?

ಮುಳ್ಳು ಹೋಗಿ ಕೀವಾಯಿತಾ? ಬಿದ್ದೆಯಾ? ಬಲಗೈಯಲ್ಲಿ ಸುತ್ತಲು ಕಲಿಯಬೇಕಾದರೆ ಎಷ್ಟು ಸಮಯದಿಂದ ಆ ಕೈ ಕೆಲಸ ಮಾಡುತ್ತಿಲ್ಲ? ಏಳು ತಿಂಗಳು ನೀನು ಬರೆಯದೆ ಇದ್ದದ್ದು ಯಾಕೆ ಅಂತ ಈಗ ಗೊತ್ತಾಯಿತು. ಬರೆಯುವುದೂ ಅದೇ ಕೈಯಲ್ಲಿ ಅಲ್ಲವಾ? ಈ ಪತ್ರದ ಅಕ್ಷರವೂ ಹಾರಿಹಾರಿ ಕೂತಿದೆ.

ಶುಕ್ರವಾರ ಫೋನಿನಲ್ಲಿ ಕೇಳಿದೆ. ನೀನು ನಕ್ಕೆ. ಅಮ್ಮನೂ ನಕ್ಕರು. “ಅವಳಿಗೆ ಎಂತ ಆಗಿದೆ, ಆನೆಯ ಹಾಗೆ ಇದ್ದಾಳೆ” ಅಂದರು. ಇಬ್ಬರೂ ಕೂಡಿ ಮುಚ್ಚಿಡುತ್ತೀರಿ. ದೂರ ಇರುವವನಿಗೆ ಯಾರೂ ಸತ್ಯ ಹೇಳುವುದಿಲ್ಲ. ಜನಾರ್ದನಣ್ಣನ ತಂದೆ ಹೋದದ್ದನ್ನು ಅವರಿಗೆ ಹದಿನೆಂಟು ದಿನ ಹೇಳಿರಲಿಲ್ಲ.

ನಾನು ಒಂದು ಕೆಲಸ ಮಾಡಲು ಹೊರಟಿದ್ದೇನೆ. ಆದ ಮೇಲೆ ಹೇಳುತ್ತೇನೆ. ನೀನು ಎಲೆ ಮುಟ್ಟಬೇಡ.

ಅಶ್ವಿತ್


ನಾಯ್ಮಾರ್ಮೂಲೆ
೧೫ ಜೂನ್ ೨೦೨೫

ಅಶ್ವಿತ್,

ಹೆಸರು ಹಿಡಿದು ಕರೆದೆ. ಕ್ಷಮಿಸಬೇಕು. ಬೇರೆ ಯಾವ ಬಿರುದೂ ಈ ಕಾಗದಕ್ಕೆ ಹೊಂದುವುದಿಲ್ಲ.

ನನ್ನ ಕೈಗೆ ಏನೂ ಆಗಿಲ್ಲ. ಎಡಗೈ ಅಲ್ಲಿಯೇ ಉಂಟು. ಅದರಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಹಾರಿದ್ದು ಬೇರೆ ಕಾರಣಕ್ಕೆ.

ಆ ಐವತ್ತೊಂಬತ್ತನ್ನು ಸುತ್ತಿದ್ದು ನಾನಲ್ಲ. ದೇವಕಿಯಕ್ಕ, ಕಿನ್ನಿಯಕ್ಕ, ಎಡನೀರಿನ ಇನ್ನೂ ಮೂವರು. ಐದು ಜನ, ಐವರೂ ಬಲಗೈಯವರು. ಒಬ್ಬೊಬ್ಬರಾಗಿ ಸೇರಿಸಿಕೊಂಡದ್ದು, ಇದ್ದವರ ಕೈ ಸಾಲದೆ ಹೋದಾಗ ಮಾತ್ರ. ಕಾಸರಗೋಡಿನ ಹೋಟೆಲಿನದ್ದು ನಿಂತೇ ಇಲ್ಲ. ಮಂಗಳೂರಿಗೆ ಬೆಳಗ್ಗಿನ ಬಸ್ಸಿನಲ್ಲಿ ವಾರಕ್ಕೆ ಮೂರು ದಿನ ಬುಟ್ಟಿ ಹೋಗುತ್ತದೆ. ಮದುವೆ ಅಡುಗೆಯವರು ತಿಂಗಳು ಮೊದಲೇ ಹೇಳಿಡುತ್ತಾರೆ. ತೋಡಿನ ಬದಿಗೆ ಮುಂಡೇವಿನ ಕಂದು ನೆಟ್ಟಿದ್ದೇನೆ, ಎಲೆ ಕೊಯ್ಯಲು ಇನ್ನೂ ಎರಡು ಮಳೆಗಾಲ ಬೇಕು. ಕೋಣೆ ಹಿಡಿದಿಲ್ಲ. ಬೋರ್ಡಿಲ್ಲ. ನನ್ನ ಅಮ್ಮನ ಮನೆಯ ಹಿಂದಿನ ಚಾವಡಿಯಲ್ಲಿ ಕೂತು ಸುತ್ತುತ್ತಾರೆ, ಮಾತಾಡುತ್ತಾ. ಅವರಿಗೂ ನಮಗೂ ಆಗುವಷ್ಟು ಆಗುತ್ತದೆ. ಒಂದು ದಾರಿ ಎಂದಿದ್ದಿರಲ್ಲ, ಅದು ಕಳೆದ ವರ್ಷವೇ ಆಗಿತ್ತು.

ಯಾಕೆ ಸುಳ್ಳು ಬರೆದೆ ಎಂದು ಕೇಳುತ್ತೀರಿ. ಮೂವತ್ತು ಮೂಡೆಯ ಸುದ್ದಿ ಬರೆದಾಗ ನೀವು ಬರುವ ದಿನ ಹತ್ತಿರವಾಯಿತೆಂದು ಬರೆಯುತ್ತೀರಿ ಅಂತ ಕಾದಿದ್ದೆ. ಎರಡು ವರ್ಷ ಕೂಡಿಸಿ ಬರೆದಿರಿ. ಮೂವತ್ತಕ್ಕೆ ಎರಡು ವರ್ಷವಾದರೆ ಮುನ್ನೂರು ಎಂದು ಬರೆದರೆ ಎಷ್ಟು ವರ್ಷ ಎಂದು ಹೆದರಿದೆ. ಅದಕ್ಕೆ ಸಣ್ಣದು ಮಾಡಿ ಬರೆದೆ. ಸಣ್ಣದೆಂದು ಬರೆದರೆ, ‘ಎಷ್ಟು ವರ್ಷ ಬೇಕಾದರೂ ಇರುತ್ತೇನೆ’ ಎಂದಿರಿ. ದೊಡ್ಡದೆಂದರೂ ಬರುವುದಿಲ್ಲ, ಸಣ್ಣದೆಂದರೂ ಬರುವುದಿಲ್ಲ. ಆಮೇಲೆ ಬರೆಯಲು ನನಗೆ ಯಾವ ಅಳತೆ ಉಳಿಯಿತು ಹೇಳಿ. ನಿಮಗೆ ಬರಲು ಮನಸ್ಸೇ ಇಲ್ಲವೆಂದು ತಿಳಿದೆ. ‘ಬಂದು ಅಲ್ಲಿ ಎಂತ ಮಾಡುವುದು’ ಎಂದು ಮೊದಲ ಪತ್ರದಲ್ಲೇ ಬರೆದಿದ್ದಿರಿ. ಎಲ್ಲರೂ ನಗಾಡಿದರು ಎಂದೂ ಬರೆದಿದ್ದಿರಿ. ನನಗೆ ನಗು ಬಂದಿರಲಿಲ್ಲ.

ಮೊನ್ನೆ ಶುಕ್ರವಾರ ಇದನ್ನು ಹೇಳಲೆಂದೇ ಬಾಯಿ ತೆರೆದೆ. ನೀವು ‘ಮತ್ತೆ?’ ಎಂದಿರಿ. ‘ಮತ್ತೆ ಎಂತ ಇಲ್ಲ’ ಎಂದೆ. ಬಾಯಿಗೆ ಅದೇ ಅಭ್ಯಾಸವಾಗಿಬಿಟ್ಟಿದೆ.

ಆ ಒಂದು ಮೂಡೆ ನನ್ನದು. ಪತ್ರ ಇಡುವುದನ್ನು ಮಾತ್ರ ನಾನೇ ಸುತ್ತುತ್ತೇನೆ, ಬೇರೆಯವರಿಗೆ ಕೊಡುವುದಿಲ್ಲ. ಬಿಗಿ ಇಲ್ಲದ್ದಕ್ಕೆ ಕಾರಣ, ನಾಲ್ಕು ಸಲ ಬಿಚ್ಚಿ ಸುತ್ತಿದೆ. ಒಳಗೆ ಸತ್ಯ ಇಡುವುದಾ, ಸುಳ್ಳು ಇಡುವುದಾ ಎಂದು.

ಕಂಪನಿಯಲ್ಲಿ ಒಂದು ಹುದ್ದೆ ಖಾಲಿ ಉಂಟು. ಬೆಳಗಿನ ಜಾವ ಎದ್ದು ಮಾಲು ಹಂಚಿ ಗೊತ್ತಿರುವ, ಅಂಗಡಿಯವರೊಡನೆ ಮಾತಾಡಿ ಗೊತ್ತಿರುವ ಸಾರಥಿ ಬೇಕು. ಎಲೆ ಸುತ್ತಲು ಬರಬೇಕಾಗಿಲ್ಲ. ವ್ಯಾನು ಇಲ್ಲ, ಸೈಕಲ್ಲು. ಅದನ್ನೂ ಇನ್ನೂ ಕೊಂಡಿಲ್ಲ.

ಕರಾರಿಗೆ ಸಹಿ ಹಾಕಬೇಡಿ.

ರಶ್ಮಿತಾ


ಶಾರ್ಜಾ
೫ ಜುಲೈ ೨೦೨೫

ರಶ್ಮಿ,

ಮೇ ಇಪ್ಪತ್ತಕ್ಕೆ ಸಹಿ ಹಾಕಿದೆ.

ಎರಡು ವರ್ಷಕ್ಕೆ. ಕೈಯ ಕೆಲಸ ಅಂದರೆ ಆಪರೇಷನ್ ಆಗಬಹುದು, ಮಂಗಳೂರಿನ ದೊಡ್ಡ ಆಸ್ಪತ್ರೆಗೇ ತೋರಿಸಬೇಕು ಅಂತ ಲೆಕ್ಕ ಹಾಕಿದೆ. ಧಣಿ ಮುಂಗಡ ಕೊಡುತ್ತೇನೆ ಅಂದ. ಅದು ಪೆಟ್ಟಿಗೆಯಲ್ಲಿ ಹಾಗೆಯೇ ಉಂಟು. ಇಲ್ಲದ ಕೈನೋವಿಗೆ.

ನಿನ್ನ ಪತ್ರ ಓದಿ ವ್ಯಾನಿನಲ್ಲಿ ಕೂತಿದ್ದೆ. ಅಂಗಡಿಯವರು ಫೋನು ಮಾಡುತ್ತಾ ಇದ್ದರು. ಆ ದಿನ ಅರ್ಧ ಶಾರ್ಜಾ ಕುಬ್ಬೂಸಿಲ್ಲದೆ ಊಟ ಮಾಡಿರಬೇಕು. ತಮಾಷೆ ಮಾಡಲು ನೋಡಿದೆ, ಆಗಲಿಲ್ಲ, ಅದು ನಿನ್ನ ಕೆಲಸ.

ನಾನೂ ಒಂದು ಮುಚ್ಚಿಟ್ಟಿದ್ದೆ. ಬರಲು ಮನಸ್ಸಿಲ್ಲದ್ದಲ್ಲ, ಹೆದರಿಕೆ. ಹೆಂಡತಿ ದುಡಿದು ತರುವಾಗ ನಾನು ಜಗಲಿಯಲ್ಲಿ ಕೂತು ಪೇಪರ್ ಓದುವುದು, ಹೋಗಿಬರುವವರು ಗಲ್ಫಿನಿಂದ ಯಾವಾಗ ಬಂದದ್ದು, ಇನ್ನು ಯಾವಾಗ ಹೋಗುವುದು ಅಂತ ಕೇಳುವುದು. ಕೋಣೆ, ಮಿಷನ್, ಫ್ರಿಜ್ಜು ಅಂತ ನಾನು ಬರೆದದ್ದು ನಿನ್ನ ಕಂಪನಿಗೆ ಅಲ್ಲ. ಅದರಲ್ಲಿ ನನಗೊಂದು ಕುರ್ಚಿ ಹಾಕಲು. ಕುರ್ಚಿಯ ಬದಲು ಸೈಕಲ್ಲಿನ ಸೀಟು ಉಂಟೆಂದು ನೀನು ಮೊದಲೇ ಬರೆದಿದ್ದರೆ.

ಇಲ್ಲ, ನಾನು ಮೊದಲೇ ಕೇಳಿದ್ದರೆ.

ಧಣಿಯ ಹತ್ತಿರ ಮಾತಾಡಿದೆ. ಮುಂಗಡ ಹಿಂದೆ ಕೊಟ್ಟು, ಟಿಕೆಟಿನ ಖರ್ಚು ನಾನೇ ಹಾಕಿಕೊಂಡರೆ ಒಂದು ವರ್ಷಕ್ಕೆ ಬಿಡುತ್ತಾನಂತೆ. ಅದಕ್ಕಿಂತ ಮೊದಲು ಆಗುವುದಿಲ್ಲ. ಕೈಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿದೆ. ಆಮೇಲೆ ಅದನ್ನೂ ಮಾಡಿದೆ.

ಈ ಪತ್ರ ಇರುವ ಮೂಡೆ ನಿನ್ನದೇ, ಬಿಸುವಿನದ್ದು. ಬಿಚ್ಚಿ ನೋಡಿದೆ. ಎಲೆಯಲ್ಲಿ ನಿನ್ನ ಮಡಿಕೆಯ ಗುರುತು ಹಾಗೆಯೇ ಇತ್ತು. ಒದ್ದೆ ಬಟ್ಟೆಯಲ್ಲಿ ಒಂದು ದಿನ ಇಟ್ಟು, ಆ ಗುರುತಿನ ಮೇಲೆಯೇ ಬೆರಳಿಟ್ಟು ವಾಪಸು ಸುತ್ತಿದೆ. ನನ್ನದು ಬಲಗೈ. ಆದರೂ ಗುರುತು ಎಡಕ್ಕೆ ಹೋದಾಗ ಎಡಕ್ಕೇ ಹೋದೆ. ಹತ್ತು ದಿನ ಬೇಕಾಯಿತು. ತಳ ಸರಿ ಕೂತಿಲ್ಲ.

ಇದನ್ನು ನನ್ನ ಅರ್ಜಿ ಎಂದು ತಿಳಿಯಬೇಕು. ಹುದ್ದೆಗೆ ಸೇರಲು ಒಂದು ವರ್ಷ ಸಮಯ ಬೇಡುತ್ತೇನೆ. ಅಷ್ಟರವರೆಗೆ ಜಾಗ ಖಾಲಿ ಇರುತ್ತದಾ?

ಜನಾರ್ದನಣ್ಣ ಮಂಡಿನೋವಿನಲ್ಲೂ ನಿಂತುಕೊಂಡು ಈ ಪತ್ರ ಬರೆಸಿದರು.

ಅಶ್ವಿತ್


ನಾಯ್ಮಾರ್ಮೂಲೆ
೧೭ ಆಗಸ್ಟ್ ೨೦೨೫

ಸಾರಥಿ ಹುದ್ದೆಯ ಅಭ್ಯರ್ಥಿಯಾದ ಶ್ರೀ ಅಶ್ವಿತ್ ಇವರಿಗೆ ಕಂಪನಿಯ ಆಡಳಿತ ಮಂಡಳಿ ತಿಳಿಯಪಡಿಸುವುದೇನೆಂದರೆ:

ಎದ್ದು ನಿಂತು ಓದತಕ್ಕದ್ದು.

ನಿಮ್ಮ ಅರ್ಜಿ ಕುಂಞಣ್ಣನ ಮುಖಾಂತರ ಬಂದು ಸೇರಿದೆ. ಓದಿದ ದಿನ ಮಂಡಳಿಯು ಸಭೆ ಸೇರಲಿಲ್ಲ, ಮರುದಿನವೂ ಸೇರಲಿಲ್ಲ. ಎಡನೀರಿನ ಚಾವಡಿಯಲ್ಲಿ ಮಂಡಳಿ ಮುಖ ತಿರುಗಿಸಿ ಕೂತದ್ದನ್ನು ನೋಡಿ ದೇವಕಿಯಕ್ಕ ಅದರ ಪಾಲಿನ ಎಲೆಯನ್ನೂ ಕೆತ್ತಿದರು. ನಾನು ದೊಡ್ಡದಾಗಿ ಬರೆದಿದ್ದರೆ ನಿಮಗೆ ಕೈಯ ಹೆದರಿಕೆ ಇರುತ್ತಿರಲಿಲ್ಲ. ಒಂದು ವರ್ಷ ನನ್ನ ಸುಳ್ಳಿನದ್ದು. ಅದನ್ನು ನನ್ನ ಹೆಸರಿಗೆ ಬರೆದುಕೊಂಡಿದ್ದೇನೆ. ಇನ್ನು ಮುಂದೆ ಎಷ್ಟು ಸುತ್ತಿದೆವೋ ಅಷ್ಟನ್ನೇ ಬರೆಯುತ್ತೇನೆ. ನೀವೂ ನಗಾಡುವವರ ನಡುವೆ ನಿಂತು ಬರೆಯಬೇಡಿ.

ಅರ್ಜಿಯೊಂದಿಗೆ ಲಗತ್ತಿಸಿದ ಮೂಡೆಯನ್ನು ನಿನ್ನೆ ಅಷ್ಟಮಿಗೆ ಹಿಟ್ಟು ಹೊಯ್ದು ಪರೀಕ್ಷೆಗೆ ಒಳಪಡಿಸಲಾಯಿತು. ಎಡಕ್ಕೆ ಸುತ್ತಿದ್ದನ್ನು ನೋಡಿ ಅತ್ತೆ, “ಇವನಿಗೂ ಹಿಡಿಯಿತಾ?” ಅಂದರು. ತಳ ಸೋರಿತು. ಅರ್ಧ ಹಿಟ್ಟು ಪಾತ್ರೆಗೆ ಹೋಯಿತು. ಉಳಿದರ್ಧ ಬೆಂದಿತು, ಸ್ವಲ್ಪ ವ್ಯಾನಿನ ವಾಸನೆ ಇತ್ತು. ಅತ್ತೆಗೆ ಕೊಡದೆ ನಾನೊಬ್ಬಳೇ ತಿಂದೆ. ಸುತ್ತುವ ಕೆಲಸಕ್ಕೆ ಅಭ್ಯರ್ಥಿ ಅನರ್ಹ. ಸಾರಥಿಯಾಗಿ ಯೋಗ್ಯ.

ಹುದ್ದೆ ಖಾಲಿ ಇರುತ್ತದಾ ಎಂದು ಕೇಳಿದ್ದೀರಿ. ಬುಟ್ಟಿ ಹೊತ್ತು ಬಸ್‌ಸ್ಟಾಪಿಗೆ ಹೋಗುವಾಗ ಕಿನ್ನಿಯಕ್ಕ ದಿನಾ ಕೇಳುತ್ತಾರೆ, ಒಂದು ಆಟೋ ಗೊತ್ತು ಮಾಡಬಾರದಾ ಮಾರಾಯ್ತಿ ಎಂದು. ಕಂಪನಿಯ ನಿಯಮ ನಿಮಗೆ ಗೊತ್ತುಂಟು. ಒಂದು ಇಲ್ಲದೆ ಕೈ ನೋಯಲು ಶುರುವಾಗುವವರೆಗೆ ಅದನ್ನು ತರುವುದಿಲ್ಲ. ನೋವು ಶುರುವಾಗಿ ಬಹಳ ಕಾಲವಾಯಿತು, ನಿಜ. ಆದರೆ ಅದು ಆಟೋ ಇಲ್ಲದ್ದಕ್ಕೆ ಅಲ್ಲ. ತೋಡಿನ ಬದಿಯ ಕಂದುಗಳಿಗೂ ಇನ್ನೊಂದು ಮಳೆಗಾಲ ಬಾಕಿ ಉಂಟು. ಅವು ಬೆಳೆಯಲಿ. ಯಾರನ್ನೂ ತೆಗೆದುಕೊಳ್ಳುವುದಿಲ್ಲ.

ಸೈಕಲ್ಲು ಮಾತ್ರ ನೋಡಿ ಇಟ್ಟಿದ್ದೇನೆ. ಹಳೆಯದು, ಬೆಲ್ಲು ಇಲ್ಲ, ಹಿಂದೆ ಗಟ್ಟಿ ಕ್ಯಾರಿಯರ್ ಉಂಟು. ಯಾರೂ ಇಲ್ಲದಾಗ ಅಳತೆ ತೆಗೆದೆ. ಒಂದು ಬುಟ್ಟಿ ಕೂರುತ್ತದೆ, ಅಥವಾ ಒಬ್ಬಳು. ಎರಡೂ ಒಟ್ಟಿಗೆ ಹಿಡಿಯುವುದಿಲ್ಲ.

ಬುಟ್ಟಿ ಬಸ್ಸಿನಲ್ಲೇ ಹೋಗಲಿ.

ರಶ್ಮಿತಾ